ಅಡುಗೆಮನೆಯ ಫೋನಿನಲ್ಲಿ ದೊಡ್ಡ ಲೆಕ್ಕ

ಆಗಸ್ಟ್ ತಿಂಗಳು ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಏಳಕ್ಕೆ ಇನ್ನೂ ಕಾಲು ಗಂಟೆಯಿತ್ತು. ಸರೋವರದ ಮಂಜು ಹೌಕಿವಾರಾ ಹೈಸ್ಕೂಲಿನ ಹಿಂಬಾಗಿಲ ಮೆಟ್ಟಿಲವರೆಗೂ ಬಂದು ಕೂತಿತ್ತು. ಅಡುಗೆಯ ಲೆಂಪಿ ತೊಂಬತ್ತು ಮಕ್ಕಳ ಮಧ್ಯಾಹ್ನದ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದಳು. ಹಾಲಿನ ಲಾರಿ ನಿಂತ ಸದ್ದಾಯಿತು. ಕ್ಯಾನು ಇಳಿಸುವವನ ಹಿಂದೆಯೇ ಒಬ್ಬ ಹುಡುಗಿ ಇಳಿದು, ಬೂಟಿನ ಕೆಸರು ಒರೆಸಿಕೊಂಡು, ಸೀದಾ ಒಳಗೆ ಬಂದಳು. ಕೆಂಪ್ಪೈನೆನ್ ಅವರ ಮನೆಯ ಹೆಲ್ಕಾ. ಹದಿನೇಳು ವರ್ಷದವಳು, ಮೂರು ವರ್ಷದ ಆ ಹೈಸ್ಕೂಲಿನಲ್ಲಿ ಆ ವರ್ಷ ಎರಡನೇ ತರಗತಿಗೆ ಬಂದಿದ್ದಳು.

"ಲೆಂಪಿ ಚಿಕ್ಕಮ್ಮ, ನಿಮ್ಮ ಫೋನು ಬೇಕಿತ್ತು."

"ಮಾಡ್ಕೋ. ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ರೂ ಚೆನ್ನಾಗಿದಾರೆ. ಇವತ್ತೊಂದು ದಿನಕ್ಕಲ್ಲ ಚಿಕ್ಕಮ್ಮ. ಒಂದೂವರೆ ವರ್ಷಕ್ಕೆ ಬೇಕು."

ಲೆಂಪಿ ಚಾಕು ಕೆಳಗಿಟ್ಟು ನೋಡಿದಳು. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ.

ವಿಷಯ ಇಷ್ಟು. ಆ ಶಾಲೆಯಲ್ಲಿ ಗಣಿತ ಎರಡು ಬಗೆ, ಸುಲಭದ ಸಣ್ಣ ಲೆಕ್ಕ ಮತ್ತು ಕಷ್ಟದ ದೊಡ್ಡ ಲೆಕ್ಕ. ಎಲ್ಲರೂ ಸಣ್ಣದನ್ನೇ ತೆಗೆದುಕೊಳ್ಳುತ್ತಿದ್ದರು. ದೊಡ್ಡದು ಬೇಕೆಂದವಳು ಆ ವರ್ಷ ಹೆಲ್ಕಾ ಒಬ್ಬಳೇ. ಒಬ್ಬಳಿಗಾಗಿ ವಾರಕ್ಕೆ ಐದು ತಾಸು ಒಬ್ಬ ಮೇಷ್ಟ್ರನ್ನು ಕೊಡಲಾಗದು ಎಂದು ಪಂಚಾಯಿತಿ ಹೇಳಿತ್ತು. ದೊಡ್ಡ ಲೆಕ್ಕ ಕಲಿಸುತ್ತಿದ್ದ ಇಮ್ಮೋನೆನ್ ಮೇಷ್ಟ್ರು ಆ ಬೇಸಿಗೆಯಲ್ಲಿ ನಿವೃತ್ತರಾಗಿ, ಸೊಂಟದ ನೋವು ಹೊತ್ತುಕೊಂಡು ನಲವತ್ತು ಕಿಲೋಮೀಟರು ದೂರದ ತಮ್ಮ ಹುಟ್ಟೂರಿಗೆ ಹೋಗಿದ್ದರು. ಹೆಲ್ಕಾ ಅವರಿಗೆ ಕಾಗದ ಬರೆದಳು. ಅವರು ಒಂದೇ ಸಾಲಿನ ಉತ್ತರ ಬರೆದರು. ನನ್ನ ಕಾಲು ಬರುವುದಿಲ್ಲ, ಬಾಯಿ ಬರುತ್ತದೆ, ಬೆಳಿಗ್ಗೆ ಏಳೂಕಾಲಿಗೆ ಫೋನು ಮಾಡು.

ಹೆಲ್ಕಾಳ ಮನೆಗೆ ಇನ್ನೂ ಫೋನಿನ ತಂತಿ ಬಂದಿರಲಿಲ್ಲ. ಶಾಲೆಯಲ್ಲಿ ಎರಡು ಫೋನು. ಆಫೀಸಿನದು ಒಂಬತ್ತರವರೆಗೆ ಬೀಗದೊಳಗೆ. ಇನ್ನೊಂದು ಅಡುಗೆಮನೆಯ ಗೋಡೆಯ ಮೇಲೆ, ಹಾಲು ಆಲೂಗಡ್ಡೆ ತರಿಸುವುದಕ್ಕೆ ಹಾಕಿದ್ದು.

"ಹೆಡ್‌ಮಾಸ್ಟರ್ ಏನಂದ್ರು?" ಎಂದು ಕೇಳಿದಳು ಲೆಂಪಿ.

"ಅಡುಗೆಮನೆ ಲೆಂಪಿಯವರದ್ದು, ಅವರನ್ನೇ ಕೇಳು ಅಂದ್ರು."

"ಯಾಕೆ ಬೇಕು ನಿನಗೆ ದೊಡ್ಡ ಲೆಕ್ಕ?"

"ಭೂಮಿ ಅಳೆಯೋ ಕೆಲಸಕ್ಕೆ ಓದ್ಬೇಕು. ಹೆಲ್ಸಿಂಕಿಯಲ್ಲಿ ಅದಕ್ಕೆ ದೊಡ್ಡದೇ ಆಗ್ಬೇಕಂತೆ."

ಅವಳು ಒಂಬತ್ತು ವರ್ಷದವಳಿದ್ದಾಗ ಭೂಮಾಪಕರು ಅವರ ಕಾಡಿನ ಗಡಿ ಅಳೆಯಲು ಬಂದಿದ್ದರಂತೆ. ಕೆಂಪು ಬಿಳಿ ಪಟ್ಟೆಯ ಕೋಲು ಕೊಟ್ಟು, ಅಲ್ಲಾಡಬೇಡ ಎಂದು ನಿಲ್ಲಿಸಿದ್ದರಂತೆ. ಮೂರು ದಿನ ಅಲ್ಲಾಡದೆ ನಿಂತಿದ್ದಳು. ನಾಲ್ಕನೇ ದಿನ ದುರ್ಬೀನಿನ ಕಡೆ ನಿಲ್ಲುತ್ತೇನೆ ಎಂದು ಕೇಳಿದಾಗ ಅವರೆಲ್ಲ ನಕ್ಕರು. ಆ ನಗು ಅವಳಿಗೆ ಇನ್ನೂ ಇಳಿದಿರಲಿಲ್ಲ.

ಲೆಂಪಿ ಶಾಲೆಗೆ ಹೋಗಿದ್ದು ನಾಲ್ಕು ಚಳಿಗಾಲ ಮಾತ್ರ. ಆಮೇಲೆ ಯುದ್ಧ, ಹಟ್ಟಿ, ತಮ್ಮಂದಿರು. ಲೆಕ್ಕದ ವಿಷಯ ಅವಳಿಗೆ ಗೊತ್ತಿರಲಿಲ್ಲ. ಆದರೆ ಕೋಲು ಹಿಡಿದು ನಿಲ್ಲುವುದು ಅಂದರೇನು ಎನ್ನುವುದು ಚೆನ್ನಾಗಿ ಗೊತ್ತಿತ್ತು.

"ಒಲೆ ಹತ್ರ ಬರಬೇಡ. ಪಾತ್ರೆ ಮುಟ್ಟಬೇಡ. ಮಿಕ್ಕಿದ್ದು ನಿನ್ನಿಷ್ಟ" ಎಂದಳು.

ಹಾಗೆ ಶುರುವಾಯಿತು. ದಿನವೂ ಆರೂಮುಕ್ಕಾಲಿಗೆ ಹಾಲಿನ ಲಾರಿ, ಏಳೂಕಾಲಿಗೆ ಫೋನು. ತಂತಿ ಗಿಡ್ಡ, ಆದ್ದರಿಂದ ಹೆಲ್ಕಾ ಹಿಟ್ಟಿನ ಡಬ್ಬದ ಪಕ್ಕದಲ್ಲೇ ನಿಂತು ಬರೆಯಬೇಕು. ಮೊದಲ ವಾರ ರಿಸೀವರನ್ನು ಭುಜಕ್ಕೂ ಕೆನ್ನೆಗೂ ನಡುವೆ ಇಟ್ಟುಕೊಂಡು ಕತ್ತು ಉಳುಕಿಸಿಕೊಂಡಳು. ಎರಡನೇ ವಾರ ಲೆಂಪಿ ತನ್ನ ತಲೆವಸ್ತ್ರ ಬಿಚ್ಚಿ ರಿಸೀವರನ್ನು ಅವಳ ಕಿವಿಗೆ ಸೇರಿಸಿ ಕಟ್ಟಿಬಿಟ್ಟಳು. ಹಲ್ಲುನೋವಿನವರ ಹಾಗೆ ಕಾಣುತ್ತಿದ್ದಳು ಹುಡುಗಿ.

"ಬೋರ್ಡ್ ಮೇಲೆ ಏನಿದೆ?" ಎಂದು ಆ ಕಡೆಯಿಂದ ಇಮ್ಮೋನೆನ್ ಗುಡುಗುತ್ತಿದ್ದರು. ಕಿವಿ ಸ್ವಲ್ಪ ಮಂದ, ಹಾಗಾಗಿ ಅವರ ದನಿ ಒಲೆಯವರೆಗೂ ಕೇಳುತ್ತಿತ್ತು.

"ಬೋರ್ಡ್ ಇಲ್ಲ ಮೇಷ್ಟ್ರೇ. ಬ್ರೆಡ್ ಸುತ್ತೋ ಕಾಗದ ಇದೆ."

"ಕಾಗದದ ಮೇಲೆ ಏನಿದೆ ಹೇಳು. ನನಗೆ ಕಾಣೋದಿಲ್ಲ. ನೀನು ಹೇಳಿದ್ದಷ್ಟೇ ನನಗೆ ಇರೋದು."

ಅವಳು ಬರೆದ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಹೇಳುತ್ತಿದ್ದಳು. ಸರಿ ಇದ್ದರೆ ಅವರು "ಹ್ಞೂಂ, ಮುಂದೆ" ಎನ್ನುತ್ತಿದ್ದರು. ತಪ್ಪಿದ್ದರೆ ಬೈಯುತ್ತಿರಲಿಲ್ಲ. ಸುಮ್ಮನಾಗಿಬಿಡುತ್ತಿದ್ದರು. ತಂತಿಯಲ್ಲಿ ಬರೀ ಸೊಂಯ್ ಎನ್ನುವ ಸದ್ದು. ಅವಳು ಕಾಗದ ನೋಡಿ, ಎಲ್ಲಿ ಎಡವಿದೆ ಎಂದು ಹುಡುಕಿ, ತಿದ್ದಿ ಮತ್ತೆ ಹೇಳುವವರೆಗೂ ಆ ಕಡೆ ಉಸಿರಿಲ್ಲ. ಮತ್ತೆ "ಹ್ಞೂಂ, ಮುಂದೆ."

ಒಂದು ಚಳಿಗಾಲ ಕಳೆಯಿತು, ಒಂದು ಬೇಸಿಗೆ ಕಳೆಯಿತು. ಹೆಲ್ಕಾ ಮೂರನೇ ತರಗತಿಗೆ ಬಂದಳು. ಲೆಂಪಿಗೆ ಲೆಕ್ಕ ಒಂದೂ ಅರ್ಥವಾಗಲಿಲ್ಲ, ಆದರೆ ಅದರ ತಾಳ ಕಿವಿಗೆ ಹತ್ತಿತು. ಹುಡುಗಿ ಒಂದು ಸಾಲು ಹೇಳುವುದು, ಮುದುಕ ಹ್ಞೂಂ ಎನ್ನುವುದು, ಅವಳ ಚಾಕು ಒಂದು ಆಲೂಗಡ್ಡೆ ಮುಗಿಸುವುದು, ಮೂರೂ ಒಂದೇ ಗತಿಯಲ್ಲಿ ಹೋಗುತ್ತಿದ್ದವು. ಮಕ್ಕಳಿಗೂ ಇದು ಗೊತ್ತಾಗಿ ಹಳೆಯದಾಯಿತು. ಹೆಲ್ಕಾಳ ತರಗತಿಯ ಆಸ್ಕೊ ಎಂಬ ಉದ್ದನೆ ಹುಡುಗ ಮಾತ್ರ ಊಟದ ಸಾಲಿನಲ್ಲಿ ದಿನವೂ ಕೇಳುತ್ತಿದ್ದ.

"ಹಲ್ಲುನೋವು ಹೆಂಗಿದೆ ಹೆಲ್ಕಾ?"

"ನಿನ್ನ ತಲೆನೋವಿಗಿಂತ ವಾಸಿ."

"ನನಗೆಲ್ಲಿ ತಲೆನೋವು?"

"ನೋವಾಗೋಕೆ ತಲೆ ಬೇಕು, ಹೌದಲ್ವಾ. ಮರೆತಿದ್ದೆ."

ಸಾಲಿನಲ್ಲಿದ್ದವರು ನಗುತ್ತಿದ್ದರು. ಆಸ್ಕೊ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಲೆಂಪಿ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಿದ್ದಳು.

ಮೂರನೇ ತರಗತಿಯವರಿಗೆ ಮಾರ್ಚ್‌ನಲ್ಲಿ ಕೊನೆಯ ಪರೀಕ್ಷೆ. ಅದು ಇಡೀ ದೇಶಕ್ಕೆ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಪಾಸಾದವರಿಗೆ ಬಿಳಿ ಟೋಪಿ. ಅದಕ್ಕೆ ಮುಂಚೆ ಜನವರಿ ಕೊನೆಯಲ್ಲಿ ಶಾಲೆಯವರೇ ಒಂದು ತಾಲೀಮು ಪರೀಕ್ಷೆ ಇಡುತ್ತಾರೆ, ನಿಜವಾದದ್ದರ ಹಾಗೆಯೇ. ವ್ಯಾಯಾಮದ ಹಾಲ್‌ನಲ್ಲಿ ದೂರ ದೂರ ಮೇಜು. ಕಾವಲಿನ ಮೇಷ್ಟ್ರುಗಳು ಸದ್ದಾಗದಿರಲೆಂದು ಕಂಬಳಿ ಚಪ್ಪಲಿ ಹಾಕಿಕೊಂಡು ಓಡಾಡುತ್ತಾರೆ. ಅದೇ ಹಾಲ್‌ನ ಒಂದು ಗೋಡೆಯಲ್ಲಿ ಊಟ ಕೊಡುವ ಕಿಂಡಿ, ಕಿಂಡಿಯ ಈಚೆ ಲೆಂಪಿಯ ಅಡುಗೆಮನೆ. ಕಿಂಡಿಗೆ ಮರದ ಬಾಗಿಲಿದೆ, ಆದರೆ ಹಲಗೆ ಒಣಗಿ ಬೆರಳಗಲ ಬಿರುಕು ಬಿಟ್ಟಿತ್ತು.

ತಾಲೀಮಿನ ದಿನ ಹತ್ತು ಗಂಟೆಯ ಸುಮಾರಿಗೆ ಆ ಬಿರುಕಿನಿಂದ ಲೆಂಪಿಗೆ ಹೆಲ್ಕಾಳ ದನಿ ಕೇಳಿಸಿತು. ಪರಿಚಿತವಾದ ದನಿ, ದಿನವೂ ಕೇಳುವುದೇ, ಆದ್ದರಿಂದ ಮೊದಲು ಏನೂ ಅನ್ನಿಸಲಿಲ್ಲ. ಆಮೇಲೆ ಕೈಯಲ್ಲಿದ್ದ ಸೌಟು ನಿಂತಿತು. ಅಲ್ಲಿ ಮಾತಾಡುವ ಹಾಗಿಲ್ಲ!

"ಶ್ಶ್" ಎಂದರು ಕಾವಲಿನವರು.

ಎರಡು ನಿಮಿಷ ಬಿಟ್ಟು ಮತ್ತೆ ಅದೇ ದನಿ, ಸ್ವಲ್ಪ ಸಣ್ಣಗೆ. ಮತ್ತೆ "ಶ್ಶ್." ಮೂರನೇ ಸಲ ಆಸ್ಕೊ ಕೈಯೆತ್ತಿದ.

"ಸರ್, ಅವಳು ಉತ್ತರ ಹೇಳ್ತಾ ಇದಾಳೆ. ಅದೂ ನಮ್ಮ ಪೇಪರಿನದ್ದಲ್ಲ. ಉಪಯೋಗಕ್ಕಾದ್ರೂ ಬರೋದು ಹೇಳು ಅನ್ನಿ!"

ಹಾಲ್‌ ತುಂಬ ನಗು. ಆಮೇಲೆ ಹೆಲ್ಕಾಳ ದನಿ ಕೇಳಲಿಲ್ಲ. ಮೂರು ಗಂಟೆಗೆ ಹಾಳೆ ಕೊಟ್ಟು ಹೊರಬಂದಾಗ ಹತ್ತು ಲೆಕ್ಕದಲ್ಲಿ ಎರಡನ್ನು ಮಾತ್ರ ಮಾಡಿದ್ದಳು. ಆ ಎರಡನ್ನೂ ಅವಳು ದನಿ ನಿಲ್ಲಿಸುವ ಮೊದಲೇ ಮಾಡಿದ್ದಳು.

ಮರುದಿನ ಹೆಡ್‌ಮಾಸ್ಟರ್ ಸಲ್ಮೇಲಾ ಅಡುಗೆಮನೆಗೇ ಬಂದರು. ಒಳ್ಳೆಯ ಮನುಷ್ಯ, ನಿಧಾನಿ. ಕಾಫಿ ಕುಡಿಯುವ ನೆಪದಲ್ಲಿ ಕೂತು, ಹೆಲ್ಕಾಳನ್ನು ಕರೆಸಿದರು.

"ನೋಡಮ್ಮ, ನಾನು ಇದನ್ನ ಸಿಟ್ಟಿಂದ ಹೇಳ್ತಾ ಇಲ್ಲ. ಮಾರ್ಚ್‌ನಲ್ಲಿ ನೀನು ಬಾಯಿ ಬಿಟ್ರೆ ನಾನು ಹೆಲ್ಸಿಂಕಿಗೆ ಬರೀಲೇಬೇಕು. ನಿನ್ನ ಪರೀಕ್ಷೆಯೆಲ್ಲಾ ರದ್ದಾಗುತ್ತೆ."

"ಬೇರೆ ಕೋಣೇಲಿ ಒಬ್ಳೇ ಕೂತ್ಕೊಳ್ಳಲಾ ಸರ್?"

"ಅದು ಕಾಯಿಲೆಯವರಿಗೆ. ಡಾಕ್ಟರ್ ಚೀಟಿ ಬೇಕು. ಮಾತಾಡೋದು ಕಾಯಿಲೆ ಅಂತ ಯಾವ ಡಾಕ್ಟರ್ ಬರೀತಾನೆ? ಆ ಲೆಕ್ಕದಲ್ಲಿ ನನ್ನ ಹೆಂಡತೀನ ಆಸ್ಪತ್ರೆಗೆ ಸೇರಿಸ್ಬೇಕಾಗಿತ್ತು." ಅವರು ತಮ್ಮ ಮಾತಿಗೆ ತಾವೇ ನಗಲು ನೋಡಿದರು. ಹೆಲ್ಕಾ ನಗಲಿಲ್ಲ. "ಸಣ್ಣ ಲೆಕ್ಕಕ್ಕೆ ಬದಲಾಯಿಸ್ಕೋ. ಶುಕ್ರವಾರದವರೆಗೆ ಟೈಮಿದೆ. ನಿನಗೆ ಅದು ನೀರು ಕುಡಿದ ಹಾಗೆ."

"ಸಣ್ಣ ಲೆಕ್ಕ ತಗೊಂಡ್ರೆ ಭೂಮಿ ಅಳೆಯೋ ಶಾಲೆಗೆ ಹೋಗೋಕಾಗಲ್ಲ."

"ಎರಡು ಲೆಕ್ಕ ಮಾಡಿ ದೊಡ್ಡದ್ರಲ್ಲಿ ಫೇಲಾದ್ರೆ ಟೋಪಿಯೂ ಇಲ್ಲ, ಶಾಲೆಯೂ ಇಲ್ಲ."

"ಬದಲಾಯಿಸಲ್ಲ ಸರ್" ಎಂದಳು ಹೆಲ್ಕಾ. ಸಲ್ಮೇಲಾ ಕಾಫಿ ಮುಗಿಸಿ ಎದ್ದು ಹೋದರು.

ಇಮ್ಮೋನೆನ್‌ಗೆ ವಿಷಯ ಹೇಳಿದಾಗ ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು. "ತಪ್ಪು ನಂದು. ಒಂದೂವರೆ ವರ್ಷ ನಿನ್ನ ಬಾಯಿಗೆ ಪಾಠ ಹೇಳ್ದೆ. ನಾಳೆಯಿಂದ ಬಾಯಿ ಮುಚ್ಚಿ ಮಾಡು. ನಾನು ಲೈನ್‌ನಲ್ಲೇ ಇರ್ತೀನಿ, ಪೆನ್ಸಿಲ್ ಸದ್ದು ಮಾತ್ರ ಕೇಳ್ಬೇಕು ನನಗೆ. ಲೆಂಪಿಯವರೇ, ಕೇಳಿಸ್ತಾ? ಅವಳು ಪಿಟಕ್ ಅಂದ್ರೆ ಒಂದು ಸೌಟು ಬಾರಿಸಿ."

"ಎಲ್ಲಿ ಬಾರಿಸ್ಲಿ ಮೇಷ್ಟ್ರೇ?"

"ಪಾತ್ರೆಗೆ, ಪಾತ್ರೆಗೆ. ಹುಡುಗಿಗಲ್ಲ."

ಮೊದಲ ದಿನ ಸೌಟು ಹದಿನೇಳು ಸಲ ಬಡಿಯಿತು. ಎರಡನೇ ದಿನ ಒಂಬತ್ತು. ಹೆಲ್ಕಾ ತುಟಿ ಕಚ್ಚಿಕೊಂಡಳು, ಬಾಯಿಗೆ ಒಣ ರೈ ಬ್ರೆಡ್ಡಿನ ತುಂಡು ಇಟ್ಟುಕೊಂಡಳು, ಲೆಂಪಿ ಕೊಟ್ಟ ಸ್ಪ್ರೂಸ್ ಮರದ ಅಂಟು ಅಗಿದಳು. ವಾರ ಮುಗಿಯುವ ಹೊತ್ತಿಗೆ ಸೌಟು ಒಮ್ಮೆಯೂ ಬಡಿಯಲಿಲ್ಲ. ಆದರೆ ಕಾಗದದ ಮೇಲೂ ಏನೂ ಇರಲಿಲ್ಲ. ಒಂದು ಸಾಲು ಬರೆಯುವುದು, ಅಲ್ಲಿಗೆ ನಿಲ್ಲುವುದು, ಬರೆದದ್ದನ್ನು ಹೊಡೆದುಹಾಕುವುದು. ಮತ್ತೆ ಬರೆಯುವುದು, ಅದನ್ನೂ ಹೊಡೆದುಹಾಕುವುದು. ಮುಕ್ಕಾಲು ಗಂಟೆಯಾದರೂ ಮೂರನೇ ಸಾಲು ದಾಟುತ್ತಿರಲಿಲ್ಲ.

"ನನ್ನಿಂದಾಗಲ್ಲ" ಎಂದು ಅವಳು ಶನಿವಾರ ರಿಸೀವರು ಬಿಚ್ಚಿ ಹೊರಗೆ ಹೋದಳು. ಬದಲಾಯಿಸುವ ಶುಕ್ರವಾರ ಆಗಲೇ ದಾಟಿತ್ತು.

ರಿಸೀವರು ತಂತಿಯಲ್ಲಿ ಜೋತಾಡುತ್ತಿತ್ತು. ಲೆಂಪಿ ಕೈ ಒರೆಸಿಕೊಂಡು ಅದನ್ನೆತ್ತಿ ಕಿವಿಗಿಟ್ಟಳು. ಇಷ್ಟು ದಿನದಲ್ಲಿ ಇಮ್ಮೋನೆನ್ ಜೊತೆ ಅವಳು ತಾನಾಗಿ ಒಂದು ಮಾತೂ ಆಡಿರಲಿಲ್ಲ.

"ಮೇಷ್ಟ್ರೇ, ನಾನು ಲೆಂಪಿ."

"ಹೇಳಿ."

"ನಾನು ಓದ್ದೋಳಲ್ಲ. ಆದ್ರೂ ಒಂದು ಮಾತು. ಅವಳಿಗೆ ತೊಂದ್ರೆ ಅವಳ ಬಾಯಿಂದಲ್ಲ."

"ಮತ್ತೆ?"

"ನಿಮ್ಮಿಂದ." ಲೆಂಪಿಯ ಕಿವಿ ಬಿಸಿಯಾಯಿತು, ಆದರೂ ನಿಲ್ಲಿಸಲಿಲ್ಲ. "ನಾನು ದಿನಾ ನೋಡ್ತೀನಿ ಅವಳ ಮುಖ. ನಿಮಗೆ ಕಾಣೋದಿಲ್ಲ. ಸರಿ ಇದ್ರೆ ನೀವು ಹ್ಞೂಂ ಅಂತೀರಿ, ತಪ್ಪಿದ್ರೆ ಸುಮ್ಮನಾಗ್ತೀರಿ. ಒಂದೂವರೆ ವರ್ಷ ಇದೇ ಆಗಿದೆ. ಈಗ ಎಲ್ಲಿ ಸದ್ದಿಲ್ವೋ ಅಲ್ಲಿ ಅವಳಿಗೆ ತಪ್ಪಾಯ್ತು ಅಂತ ಅನ್ಸುತ್ತೆ. ಸರಿಯಾಗಿ ಬರೆದಿದ್ದನ್ನೇ ಹೊಡೆದುಹಾಕ್ತಾಳೆ. ಆ ಹಾಲ್‌ನಲ್ಲಿ ಆರು ತಾಸು ಯಾರೂ ಹ್ಞೂಂ ಅನ್ನಲ್ಲ ಮೇಷ್ಟ್ರೇ."

"ಸರಿಯಾಗಿದ್ದನ್ನೇ ಹೊಡೆದುಹಾಕ್ತಾಳಾ? ನಿಮಗೆ ಹೇಗೆ ಗೊತ್ತು ಸರಿ ಅಂತ?"

"ಲೆಕ್ಕ ಗೊತ್ತಿಲ್ಲ. ಅದೇ ಸಾಲನ್ನ ನಾಲ್ಕು ಸಲ ಬರೆದು ನಾಲ್ಕು ಸಲ ಹೊಡೆದುಹಾಕಿದಾಳೆ. ತಪ್ಪಾಗಿದ್ರೆ ಎರಡನೇ ಸಲ ಬೇರೆ ಬರೀತಿದ್ಲು."

"ಓದಿ ಆ ಸಾಲು."

ಲೆಂಪಿ ಕಾಗದವನ್ನು ಬೆಳಕಿಗೆ ಹಿಡಿದು, ತನಗೆ ಗೊತ್ತಿದ್ದ ಅಂಕಿಗಳನ್ನು ಅಂಕಿಯಾಗಿ, ಗೊತ್ತಿಲ್ಲದ್ದನ್ನು ಕೊಕ್ಕೆ, ಏಣಿ, ಬಾಲದ ಮರಿ ಎಂದು ಓದಿದಳು. ಇಮ್ಮೋನೆನ್ ಕೇಳಿಸಿಕೊಂಡರು.

"ಸರಿ ಇದೆ" ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. "ಈಗೇನ್ ಮಾಡೋಣ ಲೆಂಪಿಯವರೇ? ನಾನು ಲೈನ್‌ನಲ್ಲಿದ್ದು ಸುಮ್ಮನಿದ್ರೂ ಕಾಯ್ತಾಳೆ."

"ಕಾಯ್ತಾಳೆ."

"ಹಾಗಾದ್ರೆ ನಾನು ಇರಬಾರದು." ತಂತಿ ಸೊಂಯ್ ಎಂದಿತು. "ಲೆಕ್ಕಗಳನ್ನ ಅಂಚೇಲಿ ಕಳಿಸ್ತೀನಿ. ಫೋನ್ ಬೇಡ. ಮಾರ್ಚ್‌ವರೆಗೆ ಅವಳಿಗೆ ಫೋನ್ ಮುಟ್ಟೋಕೆ ಬಿಡಬೇಡಿ."

ಸೋಮವಾರ ಹೆಲ್ಕಾ ಬಂದು ನೋಡಿದರೆ ಫೋನಿನ ಮೇಲೆ ಲೆಂಪಿ ಹಿಟ್ಟು ಸೋಸುವ ಬಟ್ಟೆ ಹೊದಿಸಿ, ಕಟ್ಟಿಬಿಟ್ಟಿದ್ದಳು.

"ಏನಿದು?"

"ಮೇಷ್ಟ್ರು ಹೇಳಿದ್ದು. ಇನ್ನು ಫೋನಿಲ್ಲ. ಲೆಕ್ಕ ಅಂಚೇಲಿ ಬರುತ್ತೆ. ಕೂತು ಮಾಡು."

"ನೀವೇನು ಹೇಳಿದ್ರಿ ಅವರಿಗೆ?"

ಲೆಂಪಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೆಲ್ಕಾಳ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

"ಐದು ವಾರ ಇದೆ ಪರೀಕ್ಷೆಗೆ. ನನಗಿರೋದು ಒಬ್ಬರೇ ಮೇಷ್ಟ್ರು. ಅವರನ್ನೂ ಕಿತ್ಕೊಂಡ್ರಿ. ನೀವು ಆಲೂಗಡ್ಡೆ ಸುಲಿಯೋದು ಬಿಟ್ಟು ಇದಕ್ಕೆ ಯಾಕೆ ಬಂದ್ರಿ?"

ಲೆಂಪಿ ಮತ್ತೆ ಚಾಕು ಹಿಡಿದಳು. ಆಲೂಗಡ್ಡೆ ಸುಲಿದಳು. ಹೆಲ್ಕಾ ಬಾಗಿಲವರೆಗೆ ಹೋದಳು. ಹೊರಗೆ ಮೈನಸ್ ಇಪ್ಪತ್ತೆಂಟು, ಹಾಲಿನ ಲಾರಿ ಹೋಗಿಯಾಗಿತ್ತು, ತರಗತಿ ಶುರುವಾಗಲು ಇನ್ನೂ ಎರಡು ತಾಸು. ವಾಪಸು ಬಂದು, ಸ್ಟೂಲು ಎಳೆದು, ಮೇಜಿನ ಮೂಲೆಗೆ ಕೂತಳು. ಆ ದಿನ ಎರಡು ಸಾಲು. ಮರುದಿನವೂ ಎರಡೇ.

ಒಂದು ಮಾತೂ ಇಲ್ಲದೆ ಹೀಗೆ ಹತ್ತು ದಿನ ಹೋಯಿತು. ಹತ್ತನೇ ದಿನ ಹೆಲ್ಕಾ ತಲೆಯೆತ್ತಿ ಕೇಳಿದಳು.

"ಉಪ್ಪು ಸರಿಯಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ ಚಿಕ್ಕಮ್ಮ? ನೀವು ರುಚಿ ನೋಡೋದೇ ಇಲ್ಲ."

"ಹಾಕಿದೀನಿ ಅಂತ ನನಗೆ ಗೊತ್ತಲ್ಲ."

"ತಪ್ಪಿದ್ರೆ?"

"ತಪ್ಪಿದ್ರೆ ತೊಂಬತ್ತು ಜನ ಹೇಳ್ತಾರೆ, ಮೊದಲು ಆ ಆಸ್ಕೊ. ಅದು ಹನ್ನೊಂದು ಗಂಟೆಗೆ. ಅದಕ್ಕೆ ಮುಂಚೆ ಯಾರನ್ನ ಕೇಳ್ಲಿ? ಒಂದು ಕೆಲಸ ಮಾಡ್ತೀನಿ, ಕೈ ಒರೆಸ್ಕೋತೀನಿ, ಇನ್ನೊಂದಕ್ಕೆ ಹೋಗ್ತೀನಿ. ಒರೆಸ್ಕೊಂಡ ಮೇಲೆ ಹಿಂದೆ ನೋಡಲ್ಲ."

ಹೆಲ್ಕಾ ಕಾಗದದ ಕಡೆ ಬಗ್ಗಿದಳು. ಒಂದು ಸಾಲು ಬರೆದಳು. ಪೆನ್ಸಿಲು ಅದರ ಮೇಲೆಯೇ ನಿಂತಿತು, ಹೊಡೆದುಹಾಕಲು. ಆಮೇಲೆ ಅವಳು ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡು ಮುಂದಿನ ಸಾಲಿಗೆ ಹೋದಳು. ಆ ಬೆಳಿಗ್ಗೆ ಒಂದು ಲೆಕ್ಕ ಪೂರ್ತಿಯಾಯಿತು. ಅದು ತಪ್ಪು ಎಂದು ಇಮ್ಮೋನೆನ್ ಆಮೇಲೆ ಅಂಚೆಯಲ್ಲಿ ಬರೆದರು, ಆದರೆ ಪೂರ್ತಿಯಾದ ತಪ್ಪು. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು, ಸಂತೋಷಕ್ಕೆ.

ಫೆಬ್ರವರಿ ಮಧ್ಯದಲ್ಲಿ ಮೂರನೇ ತರಗತಿಯವರ ಕೊನೆಯ ಪಾಠದ ದಿನ ಬಂತು. ಬಣ್ಣ ಬಳಿದುಕೊಂಡು, ಬಟ್ಟೆಯ ಮೇಲೆ ಮೇಷ್ಟ್ರುಗಳನ್ನು ಗೇಲಿ ಮಾಡುವ ಬರಹ ಬರೆದು ಕಟ್ಟಿ, ಮರ ಸಾಗಿಸುವ ಲಾರಿಯ ಮೇಲೆ ನಿಂತು ಊರೆಲ್ಲ ಸುತ್ತಿ ಮಿಠಾಯಿ ಎಸೆದರು. ಹೆಲ್ಕಾ ಹಂದಿಯ ಮುಖವಾಡ ಹಾಕಿಕೊಂಡು ಎಲ್ಲರಿಗಿಂತ ಜೋರಾಗಿ ಕೂಗಿದಳು. ಗಂಟಲು ಕಟ್ಟಿಹೋಯಿತು. ಆಮೇಲೆ ಓದಿಕೊಳ್ಳಲು ರಜೆ, ಉಳಿದವರೆಲ್ಲ ಮನೆಯಲ್ಲಿ ಮಲಗಿದರು. ಹೆಲ್ಕಾ ಮರುದಿನವೂ ಆರೂಮುಕ್ಕಾಲಿಗೆ ಲಾರಿಯಿಂದಿಳಿದಳು, ಕೆನ್ನೆಯಲ್ಲಿ ಇನ್ನೂ ಸ್ವಲ್ಪ ಗುಲಾಬಿ ಬಣ್ಣ ಉಳಿದಿತ್ತು.

ದಿನಕ್ಕೆ ಒಂದು ಲೆಕ್ಕ ಎರಡಾಯಿತು, ಎರಡು ನಾಲ್ಕಾಯಿತು. ತಪ್ಪೂ ಇದ್ದವು, ಸರಿಯೂ ಇದ್ದವು. ಯಾವುದು ಯಾವುದೆಂದು ಮೂರು ದಿನದ ಮೇಲೆ ಅಂಚೆಯಲ್ಲಿ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವಳು ಮುಂದೆ ಹೋಗಿರುತ್ತಿದ್ದಳು.

ಪರೀಕ್ಷೆ ಮಾರ್ಚ್‌ನ ಒಂದು ಬುಧವಾರ. ಹಿಂದಿನ ದಿನ ಸಲ್ಮೇಲಾ ಬಂದು ಹೇಳಿದರು.

"ಲೆಂಪಿಯವರೇ, ನಾಳೆ ಬ್ರೆಡ್ಡು, ತಣ್ಣನೆ ಸಾಸೇಜು ಸಾಕು. ಅಡುಗೆ ಮಾಡಿದ್ರೆ ಸದ್ದಾಗುತ್ತೆ, ಹಾಲ್‌ಗೆ ಕೇಳಿಸುತ್ತೆ."

"ಮಾರ್ಚ್ ಚಳೀಲಿ ಮಕ್ಕಳಿಗೆ ತಣ್ಣಂದಾ? ಸದ್ದಾಗಲ್ಲ, ಬಿಡಿ."

"ಬಟಾಣಿ ಸಾರು ತೊಂಬತ್ತು ಜನಕ್ಕೆ, ಸದ್ದಿಲ್ದೆ?"

"ಸದ್ದು ಬಟಾಣಿ ಮಾಡಲ್ಲ ಸರ್. ನಾನು ಮಾಡ್ತಿದ್ದೆ."

ಅವಳು ಸೌಟುಗಳಿಗೆ ಬಟ್ಟೆ ಸುತ್ತಿದಳು, ಮುಚ್ಚಳಗಳ ಅಂಚಿಗೆ ಹಳೆಯ ಕಾಲುಚೀಲ ಹೊಲಿದಳು, ಕಂಬಳಿ ಚಪ್ಪಲಿ ಹಾಕಿಕೊಂಡಳು. ಬೆಳಿಗ್ಗೆ ಒಂಬತ್ತಕ್ಕೆ ಹಾಲ್‌ನ ಬಾಗಿಲು ಮುಚ್ಚಿತು. ಆ ದಿನ ಉಳಿದ ಮಕ್ಕಳಿಗೆ ಊಟ ತರಗತಿಗಳಲ್ಲಿ. ಲೆಂಪಿ ಪಾತ್ರೆ ಹೊತ್ತು ಹಿಂಬಾಗಿಲಿಂದ ಹಿಮದಲ್ಲಿ ಸುತ್ತಿ ಹೋಗಿ ಬಡಿಸಿ ಬಂದಳು, ನಾಲ್ಕು ಸಲ. ಒಂದು ಚಮಚವೂ ಬೀಳಲಿಲ್ಲ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಕೈ ಖಾಲಿಯಾದಾಗ ಕಿಂಡಿಯ ಬಿರುಕಿಗೆ ಕಣ್ಣಿಟ್ಟಳು. ಸಣ್ಣ ಲೆಕ್ಕದವರು ಹನ್ನೆರಡು ಜನ ಬಾಗಿ ಬರೆಯುತ್ತಿದ್ದರು. ಹೆಲ್ಕಾ ವ್ಯಾಯಾಮಕ್ಕೆಂದು ಗೋಡೆಗೆ ಜೋಡಿಸಿದ ಏಣಿಗಳ ಪಕ್ಕದ ಕೊನೆಯ ಮೇಜಿನಲ್ಲಿದ್ದಳು. ಬರೆಯುತ್ತಿರಲಿಲ್ಲ. ಪೆನ್ಸಿಲು ಕೆಳಗಿತ್ತು. ಮುಖ ಎತ್ತಿದ್ದಳು, ಬಾಯಿ ಅರ್ಧ ತೆರೆದಿತ್ತು. ಆ ಮುಖವನ್ನು ಲೆಂಪಿ ಒಂದೂವರೆ ವರ್ಷ ನೋಡಿದ್ದಳು. ಒಂದು ಸಾಲು ಹೇಳಿ, ಆ ಕಡೆಯ ದನಿಗೆ ಕಾಯುವ ಮುಖ.

ಕಂಬಳಿ ಚಪ್ಪಲಿಯ ಮೇಷ್ಟ್ರು ಅವಳ ಕಡೆ ತಿರುಗಿದರು. ಇನ್ನೊಂದು ಉಸಿರಾದರೆ ಅವಳು ಮಾತಾಡುತ್ತಾಳೆ ಅನ್ನಿಸಿತು. ಲೆಂಪಿಯ ಗಂಟಲಿನಲ್ಲೇ ಹ್ಞೂಂ ಎನ್ನುವುದು ಎದ್ದು ಬಂತು. ಬಿರುಕಿನ ಈಚೆಯಿಂದ ಸಣ್ಣಗೆ ಅಂದರೆ ಯಾರಿಗೆ ಗೊತ್ತಾಗುತ್ತದೆ? ಗಾಳಿ ಅಂದುಕೊಂಡಾರು. ಹುಡುಗಿಗೆ ಮಾತ್ರ ಗೊತ್ತಾದೀತು.

ಲೆಂಪಿ ಸೆರಗಿನ ಹಾಗೆ ಏಪ್ರನ್ನಿನ ತುದಿ ಎತ್ತಿ ಹಲ್ಲಿನಲ್ಲಿ ಕಚ್ಚಿದಳು. ಕಿಂಡಿಯಿಂದ ಹಿಂದೆ ಸರಿದಳು. ಅಡುಗೆಮನೆಯ ಆ ತುದಿಗೆ ಹೋಗಿ, ಹಾಲ್‌ಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು, ನಾಳೆಗೆ ಬೇಕಾದ ಆಲೂಗಡ್ಡೆಯ ಚೀಲ ಬಿಚ್ಚಿದಳು. ಆಮೇಲೆ ತಿರುಗಿ ನೋಡಲಿಲ್ಲ. ಒಂದು ಗಂಟೆಯಾಯಿತು. ಶ್ಶ್ ಎನ್ನುವುದು ಕೇಳುತ್ತದೋ ಎಂದು ಕಿವಿ ಕಾದಿತ್ತು. ಎರಡಾಯಿತು. ಸಣ್ಣ ಲೆಕ್ಕದವರು ಒಬ್ಬೊಬ್ಬರಾಗಿ ಎದ್ದು ಹೋಗುವ ಹೆಜ್ಜೆ ಕೇಳಿಸಿತು. ನಾಳೆಗೆ ಬೇಕಾದ್ದಕ್ಕಿಂತ ಹೆಚ್ಚು ಆಲೂಗಡ್ಡೆ ಸುಲಿದಿದ್ದಳು, ಇನ್ನೂ ಸುಲಿಯುತ್ತಲೇ ಇದ್ದಳು.

ಮೂರು ಗಂಟೆಗೆ ಗಂಟೆ ಬಾರಿಸಿತು. ಹೆಲ್ಕಾ ಅಡುಗೆಮನೆಗೆ ಬಂದು ಬಾಗಿಲಿಗೆ ಒರಗಿ ನಿಂತಳು. ಲಂಗದ ಬಲಗಡೆ ಪೆನ್ಸಿಲಿನ ಮಸಿಯಿಂದ ಕಪ್ಪಗಾಗಿ ಹೊಳೆಯುತ್ತಿತ್ತು.

"ಹೆಂಗಾಯ್ತು?"

"ಗೊತ್ತಿಲ್ಲ. ಯಾರೂ ಏನೂ ಹೇಳ್ಲಿಲ್ಲ." ಅವಳ ದನಿ ಆರು ತಾಸು ಬಳಸದೆ ತುಕ್ಕು ಹಿಡಿದಂತಿತ್ತು. "ನಾನೂ ಕೇಳ್ಲಿಲ್ಲ. ಎಂಟು ಮಾಡಿದೆ ಚಿಕ್ಕಮ್ಮ. ಸಾರು ಉಳಿದಿದ್ಯಾ?"

ಉಳಿದಿತ್ತು. ಮೂರು ತಟ್ಟೆ ತಿಂದಳು. ಬಾಗಿಲ ಆಚೆಯಿಂದ ಆಸ್ಕೊ ತಲೆ ಹಾಕಿದ.

"ಏನೇ, ಸದ್ದೇ ಇರ್ಲಿಲ್ಲ ಇವತ್ತು? ನನಗೆ ನಿದ್ದೆನೇ ಬಂದ್ಬಿಡ್ತು. ಫೇಲಾದ್ರೆ ನಿನ್ನಿಂದ್ಲೇ."

"ಕೂತ್ಕೋ, ತಟ್ಟೆ ತಗೋ" ಎಂದಳು ಹೆಲ್ಕಾ.

ಫಲಿತಾಂಶ ಮೇ ತಿಂಗಳ ಕೊನೆಗೆ ಹೆಲ್ಸಿಂಕಿಯಿಂದ ಬಂತು. ಎಂಟರಲ್ಲಿ ಆರು ಸರಿ, ಒಂದು ಅರ್ಧ. ಮೇಲಿನ ದರ್ಜೆಯಲ್ಲ, ನಡುವಿನದು, ಆದರೆ ಭೂಮಾಪನ ಶಾಲೆಯ ಪ್ರವೇಶ ಪರೀಕ್ಷೆಗೆ ಕೂರಲು ಅಷ್ಟು ಸಾಕಾಗಿತ್ತು. ಸಲ್ಮೇಲಾ ಕಾಗದವನ್ನು ಆಫೀಸಿನಲ್ಲಿ ಓದದೆ ಅಡುಗೆಮನೆಗೆ ತಂದು ಓದಿದರು. ಹೆಲ್ಕಾ ಫೋನಿನ ಬಟ್ಟೆ ಬಿಚ್ಚಿ ಇಮ್ಮೋನೆನ್‌ಗೆ ಹೇಳಿದಳು. ಶಭಾಷ್ ಎನ್ನುವುದನ್ನು ಅವರು ಮರೆತರು. ಹೋದ ಲೆಕ್ಕಗಳು ಯಾವುವು, ಎಲ್ಲಿ ಹೋದವು ಎಂದು ಅರ್ಧ ಗಂಟೆ ಕೇಳಿದರು, ಎರಡನ್ನೂ ಮತ್ತೆ ಮಾಡಿಸಿದರು. ಅಷ್ಟರಲ್ಲಿ ಲೆಂಪಿಯ ಹಾಲು ಉಕ್ಕಿ ಒಲೆಯೆಲ್ಲ ಆಯಿತು.

ಜೂನ್‌ನಲ್ಲಿ ಹೆಲ್ಕಾ ಹೆಲ್ಸಿಂಕಿಗೆ ಹೋಗಿ ಪ್ರವೇಶ ಪರೀಕ್ಷೆ ಬರೆದು ಬಂದಳು, ಜುಲೈನಲ್ಲಿ ಸೀಟು ಸಿಕ್ಕಿತೆಂದು ಕಾಗದ ಬಂತು. ಬಿಳಿ ಟೋಪಿ ಹಾಕಿಕೊಂಡ ಹದಿಮೂರು ಜನರಲ್ಲಿ ಆಸ್ಕೊ ಸೈನ್ಯದ ತರಬೇತಿಗೆ ಹೋದ, ಉಳಿದವರಲ್ಲಿ ಹೆಚ್ಚಿನವರು ಅಲ್ಲೇ ಸುತ್ತಮುತ್ತ ಕೆಲಸ ಹಿಡಿದರು. ಇಮ್ಮೋನೆನ್ ಸೊಂಟದ ಆಪರೇಷನ್‌ಗೆ ಆಸ್ಪತ್ರೆ ಸೇರಿದರು. ಹೆಲ್ಕಾ ಹೌಕಿವಾರಾ ಬಿಟ್ಟದ್ದು ಸೆಪ್ಟೆಂಬರ್ ಮೊದಲ ಸೋಮವಾರ, ಹನ್ನೊಂದು ಗಂಟೆಯ ಬಸ್ಸಿಗೆ. ಅದು ಊಟ ಬಡಿಸುವ ಹೊತ್ತು, ಲೆಂಪಿಗೆ ಬಸ್ ಸ್ಟಾಪಿನವರೆಗೆ ಹೋಗಲಾಗಲಿಲ್ಲ.